ತಪ್ಪು ಎಲ್ಲಿದೆ? ಏಕಿದೆ? – ಇಂಗ್ಲಿಷ್ ವಾಕ್ಯದೋಷಗಳನ್ನು ಹುಡುಕಲು ಕನ್ನಡದ ನೆರವು



ಒಂದು ಸಣ್ಣ ಪ್ರಸಂಗದಿಂದ ಈ ಪಾಠವನ್ನು ಆರಂಭಿಸುತ್ತೇನೆ. ಹಳ್ಳಿಯ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಪಿ.ಯು.ಸಿ.ಗೆಂದು ಪಟ್ಟಣದ ಕಾಲೇಜಿಗೆ ಸೇರಿದ್ದೆ. ಮೊದಲ ವಾರದಲ್ಲೇ ಇಂಗ್ಲಿಷ್ ಅಧ್ಯಾಪಕರು ‘ನನ್ನ ಕುಟುಂಬ’ ಎಂಬ ವಿಷಯ ಕುರಿತು ಹತ್ತು ವಾಕ್ಯ ಬರೆದು ತರಲು ಹೇಳಿದರು. ನಾನು ರಾತ್ರಿಯೆಲ್ಲ ಕುಳಿತು ಬರೆದೆ. ಅದರಲ್ಲಿದ್ದ ಎರಡು ವಾಕ್ಯಗಳು ಹೀಗಿದ್ದವು: ‘ಮೈ ಫಾದರ್ ಹ್ಯಾವ್ ಗಾನ್ ಟು ದ ಫೀಲ್ಡ್. ದೇ ವರ್ಕ್ ಟಿಲ್ ಈವನಿಂಗ್.’ ಅಧ್ಯಾಪಕರು ಅದನ್ನು ಗಟ್ಟಿಯಾಗಿ ಓದಿ, ‘ನಿನಗೆ ಎಷ್ಟು ಜನ ಅಪ್ಪಂದಿರಪ್ಪಾ?’ ಎಂದು ಕೇಳಿದರು. ತರಗತಿಯೆಲ್ಲ ನಕ್ಕಿತು. ‘ಹ್ಯಾವ್’ ಮೇಲೆ ಕೆಂಪು ಶಾಯಿಯಲ್ಲಿ ‘ಹ್ಯಾಸ್’ ಎಂದೂ, ‘ದೇ ವರ್ಕ್’ ಮೇಲೆ ‘ಹಿ ವರ್ಕ್ಸ್’ ಎಂದೂ ಬಂತು. ಏಕೆ ತಪ್ಪು ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಆ ವರ್ಷವೆಲ್ಲ ನಾನು ತರಗತಿಯಲ್ಲಿ ಇಂಗ್ಲಿಷಿನಲ್ಲಿ ಬಾಯಿ ತೆರೆಯಲಿಲ್ಲ.

ಕಾರಣ ನನಗೆ ಹೊಳೆದದ್ದು ಎಷ್ಟೋ ಕಾಲದ ಮೇಲೆ. ನಮ್ಮ ಮನೆಯಲ್ಲಿ ತಂದೆಯವರನ್ನು ಕುರಿತು ‘ಹೋಗಿದ್ದಾರೆ’ ಎನ್ನುವುದೇ ರೂಢಿ. ‘ಹೋಗಿದ್ದಾನೆ’ ಎನ್ನಲು ನಾಲಗೆ ಏಳದು. ಒಬ್ಬರೇ ಇದ್ದರೂ ಗೌರವಕ್ಕಾಗಿ ಬಹುವಚನ ಬಳಸುವುದು ಕನ್ನಡದ ನಡೆ. ಆ ಗೌರವವನ್ನೇ ನಾನು ಇಂಗ್ಲಿಷಿಗೆ ಕೊಂಡೊಯ್ದಿದ್ದೆ. ವಾಕ್ಯ ತಪ್ಪಾಗಿತ್ತು, ನಿಜ. ಆದರೆ ಅದು ದಡ್ಡತನದ ತಪ್ಪಾಗಿರಲಿಲ್ಲ.

ಈ ಪಾಠದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ: ಕನ್ನಡ ಬಲ್ಲವರು ಇಂಗ್ಲಿಷಿನಲ್ಲಿ ಮಾಡುವ ಎಷ್ಟೋ ತಪ್ಪುಗಳಿಗೆ ಒಂದು ಕಾರಣವಿರುತ್ತದೆ. ಆ ಕಾರಣ ತಿಳಿದರೆ ತಪ್ಪನ್ನು ಹುಡುಕುವುದು ಸುಲಭ. ‘ಕನ್ನಡದಲ್ಲಿ ಯೋಚಿಸಬೇಡ, ಅದರಿಂದಲೇ ಇಂಗ್ಲಿಷ್ ಕೆಡುತ್ತದೆ’ ಎಂದು ನಿಮಗೆ ಯಾರಾದರೂ ಹೇಳಿರಬಹುದು. ಅದು ಅರ್ಧ ಸತ್ಯ. ಎರಡು ಭಾಷೆಗಳೂ ಕೆಲವು ಕಡೆ ಒಂದೇ ದಾರಿಯಲ್ಲಿ ನಡೆಯುತ್ತವೆ. ಅಲ್ಲಿ ಕನ್ನಡವೇ ನಮಗೆ ಒರೆಗಲ್ಲು. ಕೆಲವು ಕಡೆ ಬೇರೆಯಾಗುತ್ತವೆ. ಅಲ್ಲಿ ಎಚ್ಚರ ಬೇಕು.

ಸ್ಟಾಫ್ ಸೆಲೆಕ್ಷನ್ ಕಮಿಷನ್ ಮತ್ತು ಬ್ಯಾಂಕ್ ಪರೀಕ್ಷೆಗಳಿಗೆ ಸಿದ್ಧರಾಗುವವರಿಗೆ ‘ಸ್ಪಾಟಿಂಗ್ ಎರರ್ಸ್’ ಎಂಬ ಬಗೆಯ ಪ್ರಶ್ನೆ ಪರಿಚಿತ. ಒಂದು ವಾಕ್ಯವನ್ನು ಮೂರು ನಾಲ್ಕು ತುಂಡು ಮಾಡಿ, ಯಾವ ತುಂಡಿನಲ್ಲಿ ತಪ್ಪಿದೆ ಎಂದು ಕೇಳುತ್ತಾರೆ. ಕೊನೆಯಲ್ಲಿ ‘ನೋ ಎರರ್’, ಅಂದರೆ ‘ತಪ್ಪಿಲ್ಲ’ ಎಂಬ ಆಯ್ಕೆಯೂ ಇರುವುದುಂಟು. ಇಂದು ಕೈಯಲ್ಲಿರುವ ಫೋನೇ ತಪ್ಪಿನ ಕೆಳಗೆ ಗೆರೆ ಎಳೆದು ತೋರಿಸಬಹುದು. ಆದರೆ ಪರೀಕ್ಷೆಯ ಕೊಠಡಿಗೆ ಅದು ಬರುವುದಿಲ್ಲ. ಅಲ್ಲಿ ನಮ್ಮ ತಿಳಿವಳಿಕೆಯೇ ನಮಗೆ ಆಸರೆ.

ಒಂದು ಸೂಚನೆ: ಇಲ್ಲಿ ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಪರದೆಯ ಮೇಲೆ ವಾಕ್ಯ ಬಂದು ಹೋಗುವುದು ಕ್ಷಣಮಾತ್ರದಲ್ಲಿ. ಪುಸ್ತಿಕೆಯಲ್ಲಿ ನಿಧಾನವಾಗಿ ನೋಡಬಹುದು. ಪಕ್ಕದಲ್ಲಿ ನೋಟುಪುಸ್ತಕ ಇಟ್ಟುಕೊಂಡು ಪ್ರತಿ ವಾಕ್ಯವನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು, ಒಮ್ಮೆ ಗಟ್ಟಿಯಾಗಿ ಓದಿ.

ಮೊದಲ ಹುಡುಕಾಟ: ಕ್ರಿಯಾಪದದ ಒಡೆಯ ಯಾರು?

ಯಾವ ವಾಕ್ಯ ಬಂದರೂ ಮೊದಲು ಕ್ರಿಯಾಪದವನ್ನು ಗುರುತಿಸಿ. ಆಮೇಲೆ ಅದರ ಕರ್ತೃಪದ ಯಾವುದು ಎಂದು ಕೇಳಿ. ಕರ್ತೃ ಏಕವಚನವಾದರೆ ಕ್ರಿಯಾಪದವೂ ಏಕವಚನ, ಬಹುವಚನವಾದರೆ ಬಹುವಚನ. ನಿಯಮ ಸರಳ. ಕಷ್ಟವಿರುವುದು ನಿಜವಾದ ಕರ್ತೃವನ್ನು ಹುಡುಕುವುದರಲ್ಲಿ.

ಈ ವಾಕ್ಯ ನೋಡಿ: ‘ದ ಕ್ವಾಲಿಟಿ ಆಫ್ ದ ಮ್ಯಾಂಗೋಸ್ ಆರ್ ಗುಡ್.’ ‘ಮ್ಯಾಂಗೋಸ್’ ಬಹುವಚನ, ಪಕ್ಕದಲ್ಲೇ ‘ಆರ್’ ಇದೆ, ಕಿವಿಗೆ ಸರಿಯೆನಿಸುತ್ತದೆ. ಈಗ ಇದನ್ನೇ ಕನ್ನಡದಲ್ಲಿ ಹೇಳಿ: ‘ಮಾವಿನ ಹಣ್ಣುಗಳ ಗುಣಮಟ್ಟ ಚೆನ್ನಾಗಿದೆ.’ ‘ಚೆನ್ನಾಗಿವೆ’ ಎಂದು ನೀವು ಹೇಳಲಿಲ್ಲ. ಏಕೆಂದರೆ ಚೆನ್ನಾಗಿರುವುದು ಗುಣಮಟ್ಟ, ಅದು ಒಂದೇ. ಆದ್ದರಿಂದ ಇಂಗ್ಲಿಷಿನಲ್ಲೂ ‘ಈಸ್ ಗುಡ್’ ಆಗಬೇಕು.

ಇಲ್ಲಿ ಕನ್ನಡ ಮಾಡಿದ ಉಪಕಾರವೇನು? ಕನ್ನಡದಲ್ಲಿ ವಿಶೇಷಣಗಳೆಲ್ಲ ಮುಂದೆ ಬಂದು, ಮುಖ್ಯ ನಾಮಪದ ಕೊನೆಗೆ, ಕ್ರಿಯಾಪದದ ಹತ್ತಿರ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಮುಖ್ಯ ನಾಮಪದ ಮೊದಲೇ ಬಂದುಬಿಡುತ್ತದೆ. ‘ಆಫ್’ ಮುಂತಾದವು ತರುವ ಪದಗಳು ಅದಕ್ಕೂ ಕ್ರಿಯಾಪದಕ್ಕೂ ನಡುವೆ ನುಸುಳುತ್ತವೆ. ಪ್ರಶ್ನೆಪತ್ರಿಕೆ ತಯಾರಿಸುವವರು ಬಲೆ ಹಾಕುವುದೂ ಈ ನಡುವಿನ ಜಾಗದಲ್ಲೇ. ವಾಕ್ಯವನ್ನು ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸಿದರೆ ನಿಜವಾದ ಕರ್ತೃ ತಾನಾಗಿ ಕ್ರಿಯಾಪದದ ಬಳಿ ಬಂದು ನಿಲ್ಲುತ್ತದೆ.

ಇನ್ನೊಂದು: ‘ರಮೇಶ್, ಅಲಾಂಗ್ ವಿತ್ ಹಿಸ್ ಫ್ರೆಂಡ್ಸ್, ಹ್ಯಾವ್ ಕಮ್.’ ಕನ್ನಡದಲ್ಲಿ ‘ರಮೇಶ ತನ್ನ ಗೆಳೆಯರೊಡನೆ ಬಂದಿದ್ದಾನೆ’ ಎನ್ನುತ್ತೇವೆ. ಗೆಳೆಯರು ಹತ್ತು ಜನರಿದ್ದರೂ ‘ಬಂದಿದ್ದಾನೆ’ ಎಂಬುದು ಬದಲಾಗದು. ಹಾಗಾಗಿ ‘ಹ್ಯಾಸ್ ಕಮ್’ ಸರಿ. ಆದರೆ ‘ರಮೇಶನೂ ಗೆಳೆಯರೂ ಬಂದಿದ್ದಾರೆ’ ಎಂದಾಗ ಬಹುವಚನ. ಇಂಗ್ಲಿಷಿನಲ್ಲೂ ‘ಆ್ಯಂಡ್’ ಬಂದು ಇಬ್ಬರನ್ನು ಕೂಡಿಸಿದರೆ ‘ಹ್ಯಾವ್’. ‘ಅಲಾಂಗ್ ವಿತ್’, ‘ಟುಗೆದರ್ ವಿತ್’, ‘ಆ್ಯಸ್ ವೆಲ್ ಆ್ಯಸ್’ – ಇವು ಮೂರೂ ‘ಒಡನೆ’ಯ ಗುಂಪಿಗೆ ಸೇರಿದವು ಎಂದು ನೆನಪಿಡಿ.

‘ಒನ್ ಆಫ್ ಮೈ ಫ್ರೆಂಡ್’ ಎಂದು ಬರೆಯುವವರು ಬಹಳ. ‘ನನ್ನ ಸ್ನೇಹಿತರಲ್ಲಿ ಒಬ್ಬ’ ಎಂದು ಹೇಳಿ ನೋಡಿ. ‘ಸ್ನೇಹಿತರಲ್ಲಿ’ ಬಹುವಚನ, ‘ಒಬ್ಬ’ ಏಕವಚನ. ಇಂಗ್ಲಿಷಿನಲ್ಲೂ ಹಾಗೆಯೇ: ‘ಒನ್ ಆಫ್ ಮೈ ಫ್ರೆಂಡ್ಸ್ ಈಸ್ ಎ ಡಾಕ್ಟರ್.’ ‘ಹುಡುಗರಲ್ಲಿ ಪ್ರತಿಯೊಬ್ಬನೂ ಬಹುಮಾನ ಪಡೆದಿದ್ದಾನೆ’ ಎಂಬುದಕ್ಕೆ ‘ಈಚ್ ಆಫ್ ದ ಬಾಯ್ಸ್ ಹ್ಯಾಸ್ ವನ್ ಎ ಪ್ರೈಜ್.’

ಇಷ್ಟರವರೆಗೆ ಕನ್ನಡ ನಮ್ಮ ಕೈಹಿಡಿದು ನಡೆಸಿತು. ದಾರಿ ಕವಲೊಡೆಯುವ ಎರಡು ಜಾಗಗಳನ್ನು ಈಗ ಗುರುತು ಮಾಡಿಕೊಳ್ಳಿ. ಒಂದು, ಆಗಲೇ ಹೇಳಿದ ಗೌರವದ ಬಹುವಚನ. ‘ನಮ್ಮ ಮುಖ್ಯೋಪಾಧ್ಯಾಯರು ಬಂದಿದ್ದಾರೆ’ ಎನ್ನುವಾಗ ಇಂಗ್ಲಿಷಿನಲ್ಲಿ ‘ಹ್ಯಾಸ್ ಕಮ್’. ಹಿರಿಯರಾದರೂ ಕಿರಿಯರಾದರೂ ಒಬ್ಬರು ಒಬ್ಬರೇ. ಇನ್ನೊಂದು, ‘ಎಲ್ಲರೂ’ ಎಂಬ ಪದ. ‘ಎಲ್ಲರೂ ಬಂದಿದ್ದಾರೆ’ ಎಂಬುದು ಕನ್ನಡದಲ್ಲಿ ಬಹುವಚನ; ಇಂಗ್ಲಿಷಿನ ‘ಎವ್ರಿಬಡಿ’ ಮಾತ್ರ ಏಕವಚನದ ಕ್ರಿಯಾಪದ ಬೇಡುತ್ತದೆ: ‘ಎವ್ರಿಬಡಿ ಹ್ಯಾಸ್ ಕಮ್.’ ಆ ಪದದೊಳಗೆ ‘ಎವ್ರಿ’, ಅಂದರೆ ‘ಒಬ್ಬೊಬ್ಬ’ ಎಂಬ ಎಣಿಕೆ ಅಡಗಿದೆ.

ಎರಡನೆಯ ಹುಡುಕಾಟ: ಒಂದು ಕೆಲಸಕ್ಕೆ ಒಂದೇ ಗುರುತು

‘ಹಿ ಡಿಡ್ ನಾಟ್ ವೆಂಟ್.’ ಇದು ನಮ್ಮ ಉತ್ತರಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು. ನಡೆದದ್ದು ನಿನ್ನೆ, ಆದ್ದರಿಂದ ‘ವೆಂಟ್’ ಬೇಕು ಎಂದು ನಾವು ಲೆಕ್ಕ ಹಾಕುತ್ತೇವೆ. ಆದರೆ ಕನ್ನಡದಲ್ಲಿ ನಾವು ಏನು ಹೇಳುತ್ತೇವೆ? ‘ಹೋದ’ ಎಂಬುದಕ್ಕೆ ನಿಷೇಧರೂಪ ‘ಹೋಗಲಿಲ್ಲ’. ‘ಹೋದಲಿಲ್ಲ’ ಎಂದು ಯಾವ ಮಗುವೂ ಹೇಳುವುದಿಲ್ಲ. ‘ಇಲ್ಲ’ ಬಂದೊಡನೆ ‘ಹೋದ’ ಎಂಬ ರೂಪ ಕಳಚಿ ‘ಹೋಗು’ ಎಂಬ ಮೂಲಧಾತು ಮರಳುತ್ತದೆ. ಇಂಗ್ಲಿಷಿನಲ್ಲೂ ಹಾಗೆಯೇ. ಭೂತಕಾಲದ ಭಾರವನ್ನು ‘ಡಿಡ್’ ಹೊತ್ತುಕೊಂಡಿದೆ. ಮುಂದಿನ ಕ್ರಿಯಾಪದ ಬರಿಗೈಯಲ್ಲಿ ಬರಬೇಕು: ‘ಹಿ ಡಿಡ್ ನಾಟ್ ಗೋ.’ ‘ಶಿ ಡಸ್ ನಾಟ್ ನೋಸ್’ ಎಂಬುದೂ ಇದೇ ಜಾತಿಯ ತಪ್ಪು. ‘ಡಸ್’ ಎಂಬುದರಲ್ಲೇ ಒಂದು ‘ಸ್’ ಇದೆ. ‘ನೋ’ಗೆ ಮತ್ತೊಂದು ಬೇಡ.

ಒಂದು ಕೆಲಸಕ್ಕೆ ಎರಡು ಗುರುತು ಹಾಕುವ ಈ ಅಭ್ಯಾಸ ಬೇರೆ ಕಡೆಯೂ ಕಾಣುತ್ತದೆ. ‘ಮೋರ್ ಬೆಟರ್’ ತಪ್ಪು; ‘ಬೆಟರ್’ ಎಂದರೇ ‘ಹೆಚ್ಚು ಒಳ್ಳೆಯದು’. ‘ರಿಟರ್ನ್ ಬ್ಯಾಕ್’ ಎಂಬುದರಲ್ಲಿ ‘ಬ್ಯಾಕ್’ ಹೆಚ್ಚಿನದು. ‘ಆಲ್ದೋ ಇಟ್ ರೇನ್ಡ್, ಬಟ್ ದ ಗೇಮ್ ವೆಂಟ್ ಆನ್’ ಎಂಬಲ್ಲಿ ‘ಆಲ್ದೋ’ ಮತ್ತು ‘ಬಟ್’ ಎಂಬ ಎರಡು ಕೊಂಡಿಗಳಿವೆ. ಕನ್ನಡದಲ್ಲಿ ‘ಮಳೆ ಬಂದರೂ ಆಟ ನಡೆಯಿತು’ ಎನ್ನುತ್ತೇವೆ, ಇಲ್ಲವೇ ‘ಮಳೆ ಬಂತು, ಆದರೆ ಆಟ ನಡೆಯಿತು’ ಎನ್ನುತ್ತೇವೆ. ‘ಮಳೆ ಬಂದರೂ, ಆದರೆ ಆಟ ನಡೆಯಿತು’ ಎಂದರೆ ನಮಗೇ ನಗು ಬರುತ್ತದೆ. ಇಂಗ್ಲಿಷ್ ಕಿವಿಗೂ ಹಾಗೆಯೇ ಕೇಳುತ್ತದೆ. ಎರಡರಲ್ಲಿ ಒಂದನ್ನು ತೆಗೆಯಿರಿ.

ಮೂರನೆಯ ಹುಡುಕಾಟ: ಕಾಲ

ಇಲ್ಲಿ ಎಚ್ಚರ ಹೆಚ್ಚು ಬೇಕು, ಏಕೆಂದರೆ ಎರಡು ಭಾಷೆಗಳ ಕಾಲದ ವಿಂಗಡಣೆ ಬೇರೆ ಬೇರೆ. ‘ನಾನು ಎರಡು ವರ್ಷದಿಂದ ಇಲ್ಲಿ ಓದುತ್ತಿದ್ದೇನೆ’ ಎಂಬುದು ಶುದ್ಧ ಕನ್ನಡ. ಅದನ್ನು ಪದಕ್ಕೆ ಪದ ಇಟ್ಟು ‘ಐ ಆಮ್ ಸ್ಟಡಿಯಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್’ ಎಂದರೆ ಎರಡು ತಪ್ಪುಗಳಾಗುತ್ತವೆ. ಹಿಂದೆ ಆರಂಭವಾಗಿ ಇಂದಿನವರೆಗೂ ನಡೆದುಬಂದ ಕೆಲಸಕ್ಕೆ ಇಂಗ್ಲಿಷ್ ‘ಹ್ಯಾವ್ ಬೀನ್ ಸ್ಟಡಿಯಿಂಗ್’ ಎಂಬ ರೂಪ ಕೇಳುತ್ತದೆ. ಇನ್ನು ನಮ್ಮ ಒಂದೇ ‘ಇಂದ’ ಪ್ರತ್ಯಯ ಇಂಗ್ಲಿಷಿನಲ್ಲಿ ಎರಡಾಗಿ ಒಡೆಯುತ್ತದೆ. ಆರಂಭವಾದ ಗಳಿಗೆಯನ್ನು ಹೇಳಿದರೆ ‘ಸಿನ್ಸ್’: ‘ಸಿನ್ಸ್ ಮಂಡೇ’, ‘ಸಿನ್ಸ್ 2020’. ಕಳೆದ ಅವಧಿಯನ್ನು ಎಣಿಸಿ ಹೇಳಿದರೆ ‘ಫಾರ್’: ‘ಫಾರ್ ಟೂ ಇಯರ್ಸ್’, ‘ಫಾರ್ ತ್ರೀ ಅವರ್ಸ್’. ಕ್ಯಾಲೆಂಡರಿನಲ್ಲೋ ಗಡಿಯಾರದಲ್ಲೋ ಬೆರಳಿಟ್ಟು ತೋರಿಸುವಂತಿದ್ದರೆ ‘ಸಿನ್ಸ್’, ಬೆರಳು ಮಡಿಸಿ ಎಣಿಸುವಂತಿದ್ದರೆ ‘ಫಾರ್’ ಎಂದು ನೆನಪಿಡಬಹುದು.

‘ಅವನನ್ನು ನಿನ್ನೆಯೇ ನೋಡಿದ್ದೇನೆ’ ಎಂದು ನಾವು ಹೇಳುತ್ತೇವೆ. ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೇ’ ಎಂಬುದು ಮಾತ್ರ ತಪ್ಪು. ‘ನಿನ್ನೆ’, ‘ಹೋದ ವಾರ’, ‘1947ರಲ್ಲಿ’ ಎಂದು ಮುಗಿದುಹೋದ ಸಮಯವನ್ನು ಹೆಸರಿಸಿದರೆ ‘ಹ್ಯಾವ್’ ಬಿಟ್ಟು ನೇರ ಭೂತಕಾಲ ಬಳಸಬೇಕು: ‘ಐ ಸಾ ಹಿಮ್ ಯೆಸ್ಟರ್ಡೇ.’

‘ಐ ಆಮ್ ಹ್ಯಾವಿಂಗ್ ಟೂ ಸಿಸ್ಟರ್ಸ್’, ‘ಐ ಆಮ್ ನೋಯಿಂಗ್ ದ ಆನ್ಸರ್’ – ಇವೂ ನಾವು ಸಾಮಾನ್ಯವಾಗಿ ಮಾಡುವ ತಪ್ಪುಗಳು. ‘ಇಂಗ್’ ರೂಪ ನಡೆಯುತ್ತಿರುವ ಕೆಲಸಕ್ಕೆ, ಇರುವ ಸ್ಥಿತಿಗಲ್ಲ. ತಂಗಿಯರು ಇರುವುದು, ಉತ್ತರ ಗೊತ್ತಿರುವುದು ಕೆಲಸಗಳಲ್ಲ, ಸ್ಥಿತಿಗಳು. ಕನ್ನಡದಲ್ಲೂ ನಾವು ‘ನನಗೆ ಉತ್ತರ ಗೊತ್ತು’ ಎನ್ನುತ್ತೇವೆಯೇ ಹೊರತು ‘ಗೊತ್ತಾಗುತ್ತಾ ಇದ್ದೇನೆ’ ಎನ್ನುವುದಿಲ್ಲವಲ್ಲ! ‘ಐ ಹ್ಯಾವ್ ಟೂ ಸಿಸ್ಟರ್ಸ್’, ‘ಐ ನೋ ದ ಆನ್ಸರ್’ ಎಂದರೆ ಸಾಕು. ಆದರೆ ‘ಐ ಆಮ್ ಹ್ಯಾವಿಂಗ್ ಲಂಚ್’ ಸರಿ. ಅಲ್ಲಿ ‘ಹ್ಯಾವಿಂಗ್’ ಎಂದರೆ ಊಟ ಮಾಡುವ ಕೆಲಸ.

ನಾಲ್ಕನೆಯ ಹುಡುಕಾಟ: ಪುಟ್ಟ ಪದಗಳು

ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ಪದದ ಹಿಂದೆ ಅಂಟಿಕೊಳ್ಳುತ್ತವೆ. ಇಂಗ್ಲಿಷಿನಲ್ಲಿ ಆ ಕೆಲಸ ಮಾಡುವ ಪ್ರಿಪೊಸಿಷನ್‌ಗಳು ಪದದ ಮುಂದೆ ಬೇರೆಯಾಗಿ ನಿಲ್ಲುತ್ತವೆ. ಜಾಗವಷ್ಟೇ ಅಲ್ಲ, ಯಾವ ಕ್ರಿಯಾಪದಕ್ಕೆ ಯಾವುದು ಜೊತೆ ಎಂಬುದೂ ಬೇರೆ. ‘ಶಾಲೆಯ ಬಗ್ಗೆ ಚರ್ಚಿಸಿದರು’ ಎಂಬುದರಲ್ಲಿ ‘ಬಗ್ಗೆ’ ಇದೆ; ಇಂಗ್ಲಿಷಿನ ‘ಡಿಸ್ಕಸ್’ಗೆ ‘ಅಬೌಟ್’ ಬೇಡ. ‘ಅವನೊಡನೆ ಮದುವೆಯಾದಳು’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ‘ಶಿ ಮ್ಯಾರಿಡ್ ಹಿಮ್’, ನಡುವೆ ‘ವಿತ್’ ಇಲ್ಲ. ಇದಕ್ಕೆ ಎದುರಾಗಿ ‘ಸಂಗೀತ ಕೇಳಿದೆ’ ಎಂಬಲ್ಲಿ ಕನ್ನಡಕ್ಕೆ ಯಾವ ಪ್ರತ್ಯಯವೂ ಬೇಡ. ಇಂಗ್ಲಿಷಿನ ‘ಲಿಸನ್’ ಮಾತ್ರ ‘ಟು’ ಇಲ್ಲದೆ ಕದಲದು: ‘ಐ ಲಿಸನ್ಡ್ ಟು ಮ್ಯೂಸಿಕ್.’ ‘ಬಸ್ಸು ಕಾಯುತ್ತಿದ್ದೇನೆ’ ಎಂಬುದಕ್ಕೆ ‘ವೇಟಿಂಗ್ ಫಾರ್ ದ ಬಸ್’. ಇವಕ್ಕೆಲ್ಲ ಒಂದು ಸೂತ್ರವಿಲ್ಲ. ಕ್ರಿಯಾಪದವನ್ನು ಒಂಟಿಯಾಗಿ ಕಲಿಯದೆ, ಜೊತೆಗಾರನ ಸಮೇತ ಕಲಿಯುವುದೇ ದಾರಿ.

ಮುಂದಿನದು ‘ಎ’ ಮತ್ತು ‘ಆ್ಯನ್’. ಕನ್ನಡದಲ್ಲಿ ಆರ್ಟಿಕಲ್ ಇಲ್ಲ. ಆದರೂ ಇವೆರಡರ ನಡುವೆ ಆಯ್ಕೆ ಮಾಡಲು ಕನ್ನಡ ಲಿಪಿಯಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ಇಂಗ್ಲಿಷಿನಲ್ಲಿ ನೋಡಬೇಕಾದದ್ದು ಬರೆಯುವ ಅಕ್ಷರವನ್ನಲ್ಲ, ಉಚ್ಚರಿಸುವ ಧ್ವನಿಯನ್ನು. ಕನ್ನಡ ಲಿಪಿ ಧ್ವನಿಯನ್ನೇ ಬರೆಯುತ್ತದೆ. ಆದ್ದರಿಂದ ಪದವನ್ನು ಕನ್ನಡದಲ್ಲಿ ಬರೆಯಿರಿ: ಸ್ವರದಿಂದ ಆರಂಭವಾದರೆ ‘ಆ್ಯನ್’, ವ್ಯಂಜನದಿಂದ ಆರಂಭವಾದರೆ ‘ಎ’. ‘ಅವರ್’ ಎಂಬ ಪದ ಇಂಗ್ಲಿಷಿನಲ್ಲಿ ‘ಎಚ್’ ಅಕ್ಷರದಿಂದ ಆರಂಭವಾದರೂ ಕನ್ನಡದಲ್ಲಿ ‘ಅ’ಕಾರದಿಂದ ಆರಂಭ, ‘ಆ್ಯನ್ ಅವರ್’. ‘ಯೂನಿವರ್ಸಿಟಿ’ ಇಂಗ್ಲಿಷಿನಲ್ಲಿ ‘ಯು’ ಅಕ್ಷರದಿಂದ ಆರಂಭ, ಅದು ಅಲ್ಲಿ ಸ್ವರಾಕ್ಷರ, ಆದರೆ ಧ್ವನಿ ‘ಯ’ಕಾರ, ವ್ಯಂಜನ, ‘ಎ ಯೂನಿವರ್ಸಿಟಿ’. ‘ಆ್ಯನ್ ಎಂ.ಎಲ್.ಎ.’, ಆದರೆ ‘ಎ ಬಿ.ಎ. ಡಿಗ್ರಿ’. ಒಂದು ರೂಪಾಯಿ ನೋಟಿಗೆ ‘ಎ ವನ್ ರುಪಿ ನೋಟ್’, ಏಕೆಂದರೆ ಧ್ವನಿ ‘ವ’ಕಾರ. ಒಂದೇ ಒಂದು ಎಚ್ಚರ: ನಮ್ಮ ಆಡುಮಾತಿನಲ್ಲಿ ‘ಎಲ್ಲ’ ಎಂಬುದು ‘ಯೆಲ್ಲ’ ಆಗುವಂತೆ ‘ಎಗ್’ ಕೂಡ ‘ಯೆಗ್’ ಆಗಿಬಿಡುತ್ತದೆ. ಇಂಗ್ಲಿಷಿನಲ್ಲಿ ಅದು ‘ಎ’ಕಾರವೇ, ‘ಆ್ಯನ್ ಎಗ್’.

ಏಕವಚನ ಬಹುವಚನದ ವಿಷಯದಲ್ಲೂ ಎರಡು ಮಾತು. ‘ಹತ್ತು ರೂಪಾಯಿ’, ‘ಐದು ಮರ’ ಎಂದು ಕನ್ನಡದಲ್ಲಿ ಸಂಖ್ಯೆ ಹೇಳಿದ ಮೇಲೆ ‘ಗಳು’ ಸೇರಿಸದಿದ್ದರೂ ನಡೆಯುತ್ತದೆ. ಇಂಗ್ಲಿಷಿನಲ್ಲಿ ‘ಟೆನ್ ರುಪೀಸ್’, ‘ಫೈವ್ ಟ್ರೀಸ್’ ಎನ್ನಲೇಬೇಕು. ಇನ್ನು ‘ಸಲಹೆಗಳು’, ‘ಪೀಠೋಪಕರಣಗಳು’ ಎಂದು ನಾವು ಹೇಳುತ್ತೇವೆ. ಇಂಗ್ಲಿಷಿನ ‘ಅಡ್ವೈಸ್’, ‘ಫರ್ನಿಚರ್’, ‘ಇನ್ಫರ್ಮೇಷನ್’ ಪದಗಳು ನೀರು, ಮರಳುಗಳಂತೆ ಎಣಿಕೆಗೆ ಸಿಗದವು. ಅವಕ್ಕೆ ಬಹುವಚನದ ‘ಸ್’ ಸೇರುವುದಿಲ್ಲ.

ಐದನೆಯ ಹುಡುಕಾಟ: ಪ್ರಶ್ನೆ ಮತ್ತು ಬಾಲಪ್ರಶ್ನೆ

‘ವೇರ್ ಈಸ್ ಹಿ?’ ಎಂಬುದು ಸರಿಯಾದ ಪ್ರಶ್ನೆ. ಅದನ್ನು ಇನ್ನೊಂದು ವಾಕ್ಯದೊಳಗೆ ಇಟ್ಟು ‘ಐ ಡೋಂಟ್ ನೋ ವೇರ್ ಈಸ್ ಹಿ’ ಎಂದರೆ ತಪ್ಪು. ಇಂಗ್ಲಿಷಿನಲ್ಲಿ ನೇರ ಪ್ರಶ್ನೆ ಕೇಳುವಾಗ ಕ್ರಿಯಾಪದ ಕರ್ತೃವನ್ನು ದಾಟಿ ಮುಂದೆ ಬರುತ್ತದೆ. ಪ್ರಶ್ನೆ ವಾಕ್ಯದ ಒಳಗೆ ಸೇರಿದಾಗ ಅದು ತನ್ನ ಜಾಗಕ್ಕೆ ಮರಳುತ್ತದೆ: ‘ಐ ಡೋಂಟ್ ನೋ ವೇರ್ ಹಿ ಈಸ್.’ ಕನ್ನಡದಲ್ಲಿ ‘ಅವನು ಎಲ್ಲಿದ್ದಾನೆ?’ ಎಂದರೂ ‘ಅವನು ಎಲ್ಲಿದ್ದಾನೆ ಎಂದು ಗೊತ್ತಿಲ್ಲ’ ಎಂದರೂ ಪದಗಳ ಸಾಲು ಕದಲುವುದಿಲ್ಲ. ಹಾಗಾದರೆ ಈ ತಪ್ಪು ಕನ್ನಡದಿಂದ ಬಂದದ್ದಲ್ಲ; ಪ್ರಶ್ನೆ ಎಂದರೆ ಪದಗಳನ್ನು ಅದಲುಬದಲು ಮಾಡಬೇಕೆಂದು ಇಂಗ್ಲಿಷ್ ಪಾಠದಲ್ಲಿ ಕಲಿತದ್ದನ್ನು ಬೇಡದ ಕಡೆಯೂ ಬಳಸಿದ್ದರಿಂದ ಬಂದದ್ದು. ತಪ್ಪಿಗೆಲ್ಲ ಮಾತೃಭಾಷೆಯನ್ನೇ ದೂರುವುದು ಎಷ್ಟು ಅನ್ಯಾಯ ಎಂಬುದಕ್ಕೆ ಇದೊಂದು ಸಾಕ್ಷಿ.

ವಾಕ್ಯದ ಕೊನೆಯ ‘ಅಲ್ಲವೇ?’ ಮಾತ್ರ ನಮ್ಮದೇ. ‘ನೀನು ಬರುತ್ತೀಯ, ಅಲ್ಲವೇ?’, ‘ಅವಳು ಹಾಡಿದಳು, ಅಲ್ಲವೇ?’ – ಎಲ್ಲಕ್ಕೂ ಒಂದೇ. ಅದನ್ನು ‘ಇಸಂಟ್ ಇಟ್’ ಎಂದು ಎಲ್ಲೆಡೆ ಅಂಟಿಸುತ್ತೇವೆ. ಪರೀಕ್ಷೆ ಬಯಸುವ ಇಂಗ್ಲಿಷಿನಲ್ಲಿ ಈ ಬಾಲಪ್ರಶ್ನೆ ಮುಂದಿನ ಕ್ರಿಯಾಪದಕ್ಕೆ ತಕ್ಕಂತೆ ಬದಲಾಗಬೇಕು: ‘ಯೂ ವಿಲ್ ಕಮ್, ವೋಂಟ್ ಯೂ?’, ‘ಶಿ ಸ್ಯಾಂಗ್, ಡಿಡಂಟ್ ಶಿ?’. ‘ಇಲ್ಲೇ’ ಎಂಬುದರ ‘ಏ’ಕಾರವನ್ನು ‘ಹಿಯರ್ ಓನ್ಲಿ’ ಎಂದು ತರುವುದೂ ಇಂಥದ್ದೇ. ಇವು ಭಾರತದಲ್ಲಿ ಆಡುವ ಇಂಗ್ಲಿಷಿನಲ್ಲಿ ಬೇರೂರಿವೆ. ಗೆಳೆಯರ ನಡುವೆ ಆಡಿದರೆ ಯಾರ ಮಾನವೂ ಹೋಗುವುದಿಲ್ಲ. ಅರ್ಜಿಯಲ್ಲಿ, ಪರೀಕ್ಷೆಯಲ್ಲಿ ಮಾತ್ರ ಬೇಡ.

ತಪ್ಪಲ್ಲದ ತಪ್ಪುಗಳು

ಹುಡುಕಲು ಹೊರಟವರಿಗೆ ಎಲ್ಲೆಲ್ಲೂ ತಪ್ಪೇ ಕಾಣುವ ಅಪಾಯವೂ ಉಂಟು. ‘ವಾಕ್ಯ ಪ್ರಿಪೊಸಿಷನ್‌ನಿಂದ ಕೊನೆಯಾಗಬಾರದು’ ಎಂದು ಕೆಲವರು ಕಲಿಸುತ್ತಾರೆ. ‘ದಿಸ್ ಈಸ್ ದ ಹೌಸ್ ಐ ಲಿವ್ ಇನ್’ ಎಂಬುದು ಸಹಜವಾದ, ಸರಿಯಾದ ಇಂಗ್ಲಿಷ್. 1926ರಲ್ಲಿ ಪ್ರಕಟವಾದ ತಮ್ಮ ಪ್ರಸಿದ್ಧ ಪದಪ್ರಯೋಗ ಕೋಶದಲ್ಲಿ ಇಂಗ್ಲೆಂಡಿನ ಎಚ್. ಡಬ್ಲ್ಯು. ಫೌಲರ್ ಅವರೇ ಈ ಕಟ್ಟಳೆಯನ್ನು ಮೂಢನಂಬಿಕೆಯೆಂದು ತಳ್ಳಿಹಾಕಿದ್ದಾರೆ. ‘ಎವ್ರಿಬಡಿ ಹ್ಯಾಸ್ ಬ್ರಾಟ್ ದೆರ್ ಬುಕ್ಸ್’ ಎಂಬಲ್ಲಿನ ‘ದೆರ್’ ಅನ್ನು ಹಳೆಯ ಪುಸ್ತಕಗಳು ತಪ್ಪೆನ್ನುತ್ತಿದ್ದವು. ಇಂದಿನ ವ್ಯಾಕರಣಗಳು ಒಪ್ಪುತ್ತವೆ. ಇಂಥ ವಿವಾದದ ಜಾಗದಲ್ಲಿ ಅನುಮಾನ ಬಂದರೆ, ವಾಕ್ಯದ ಬೇರೆ ತುಂಡುಗಳಲ್ಲಿ ಖಚಿತವಾದ ತಪ್ಪು ಇದೆಯೇ ಎಂದು ಮೊದಲು ನೋಡಿ.

ಪರೀಕ್ಷೆಯಲ್ಲಿ ಅನುಸರಿಸಬೇಕಾದ ಕ್ರಮ

1. ವಾಕ್ಯವನ್ನು ತುಂಡುಗಳಾಗಿ ಅಲ್ಲ, ಇಡಿಯಾಗಿ ಒಮ್ಮೆ ಓದಿ ಅರ್ಥ ಮಾಡಿಕೊಳ್ಳಿ.
2. ಕ್ರಿಯಾಪದ ಹುಡುಕಿ. ಕನ್ನಡಕ್ಕೆ ತಿರುಗಿಸಿ ಅದರ ಕರ್ತೃವನ್ನು ಗುರುತಿಸಿ. ಗೌರವದ ಬಹುವಚನವನ್ನು ಕಳೆದುಬಿಡಿ.
3. ‘ನಿನ್ನೆ’, ‘ಸಿನ್ಸ್’, ‘ಫಾರ್’ ಮುಂತಾದ ಸಮಯಸೂಚಕಗಳಿದ್ದರೆ ಕಾಲ ಅವಕ್ಕೆ ಹೊಂದುತ್ತದೆಯೇ ನೋಡಿ.
4. ಒಂದೇ ಕೆಲಸಕ್ಕೆ ಎರಡು ಗುರುತುಗಳಿವೆಯೇ ನೋಡಿ.
5. ಪ್ರಿಪೊಸಿಷನ್, ಆರ್ಟಿಕಲ್, ವಚನಗಳನ್ನು ಪರಿಶೀಲಿಸಿ.
6. ಇಷ್ಟಾದರೂ ಏನೂ ಸಿಗದಿದ್ದರೆ ‘ತಪ್ಪಿಲ್ಲ’ ಎಂದು ಗುರುತು ಹಾಕಲು ಹೆದರಬೇಡಿ.

ಅಭ್ಯಾಸ

ಕೆಳಗಿನ ಹತ್ತು ವಾಕ್ಯಗಳಲ್ಲಿ ತಪ್ಪು ಹುಡುಕಿ. ಕೆಲವು ಸರಿಯಾಗಿಯೂ ಇರಬಹುದು. ಉತ್ತರಗಳನ್ನು ಕೈಯಿಂದ ಮುಚ್ಚಿಕೊಳ್ಳಿ.

1. ದ ಕಲರ್ ಆಫ್ ದೀಸ್ ಫ್ಲವರ್ಸ್ ಆರ್ ಬ್ಯೂಟಿಫುಲ್.
2. ಈಚ್ ಆಫ್ ದ ಸ್ಟೂಡೆಂಟ್ಸ್ ಹ್ಯಾವ್ ಎ ಬ್ಯಾಗ್.
3. ಶಿ ಡಿಡ್ ನಾಟ್ ಕೇಮ್ ಟು ಕಾಲೇಜ್ ಯೆಸ್ಟರ್ಡೇ.
4. ವಿ ಆರ್ ಲಿವಿಂಗ್ ಇನ್ ಹುಬ್ಬಳ್ಳಿ ಸಿನ್ಸ್ ಟೆನ್ ಇಯರ್ಸ್.
5. ದ ಮೆಂಬರ್ಸ್ ಡಿಸ್ಕಸ್ಡ್ ಅಬೌಟ್ ದ ವಾಟರ್ ಪ್ರಾಬ್ಲಮ್.
6. ಹಿ ಈಸ್ ಆ್ಯನ್ ಯೂನಿವರ್ಸಿಟಿ ಟೀಚರ್.
7. ಪ್ಲೀಸ್ ಟೆಲ್ ಮಿ ವಾಟ್ ಈಸ್ ಯುವರ್ ನೇಮ್.
8. ಒನ್ ಆಫ್ ಮೈ ಕಸಿನ್ಸ್ ವರ್ಕ್ಸ್ ಇನ್ ಎ ಬ್ಯಾಂಕ್.
9. ದೋ ಹಿ ವಾಸ್ ಟೈರ್ಡ್, ಬಟ್ ಹಿ ಫಿನಿಶ್ಡ್ ದ ವರ್ಕ್.
10. ದ ಹೆಡ್‌ಮಾಸ್ಟರ್, ಅಲಾಂಗ್ ವಿತ್ ಟೂ ಟೀಚರ್ಸ್, ಹ್ಯಾಸ್ ಗಾನ್ ಟು ಮೈಸೂರು.

ಉತ್ತರಗಳು: 1. ‘ಆರ್’ ಬದಲು ‘ಈಸ್’, ಸುಂದರವಾಗಿರುವುದು ಬಣ್ಣ. 2. ‘ಹ್ಯಾಸ್’. 3. ‘ಕೇಮ್’ ಬದಲು ‘ಕಮ್’. 4. ‘ಹ್ಯಾವ್ ಬೀನ್ ಲಿವಿಂಗ್’ ಮತ್ತು ‘ಫಾರ್ ಟೆನ್ ಇಯರ್ಸ್’. 5. ‘ಅಬೌಟ್’ ಬೇಡ. 6. ‘ಎ ಯೂನಿವರ್ಸಿಟಿ ಟೀಚರ್’. 7. ‘ವಾಟ್ ಯುವರ್ ನೇಮ್ ಈಸ್’. 8. ತಪ್ಪಿಲ್ಲ. 9. ‘ದೋ’ ಅಥವಾ ‘ಬಟ್’, ಎರಡರಲ್ಲಿ ಒಂದು ಸಾಕು. 10. ತಪ್ಪಿಲ್ಲ; ಕನ್ನಡದಲ್ಲಿ ‘ಹೋಗಿದ್ದಾರೆ’ ಎಂದು ಗೌರವದಿಂದ ಹೇಳಿದರೂ ಇಂಗ್ಲಿಷಿನಲ್ಲಿ ‘ಹ್ಯಾಸ್’ ಸರಿ.

ಕೊನೆಯ ಮಾತು

ಜರ್ಮನಿಯಿಂದ ಬಂದ ಫರ್ಡಿನೆಂಡ್ ಕಿಟ್ಟೆಲ್ ಅವರು ಕನ್ನಡವನ್ನು ಕಲಿತು, 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ 1903ರಲ್ಲಿ ಕನ್ನಡ ವ್ಯಾಕರಣವನ್ನೂ ಪ್ರಕಟಿಸಿದರು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಅಭ್ಯಾಸ ಮಾಡಿದ್ದ ಅವರು ನಮ್ಮ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ವಿವರಿಸಿದರು. ಪರಭಾಷೆಯನ್ನು ಅಷ್ಟು ಆಳವಾಗಿ ಕಲಿಯಲು ‘ಇಲ್ಲಿ ಹೀಗೇಕೆ?’ ಎಂದು ಕೇಳುತ್ತಾ ಹೋಗದೆ ಬೇರೆ ದಾರಿಯಿಲ್ಲ. ನಾವು ಇಂಗ್ಲಿಷ್ ಕಲಿಯುವಾಗಲೂ ಅದೇ ಪ್ರಶ್ನೆ ಕೇಳೋಣ.

ನಿಮ್ಮ ಹಳೆಯ ಇಂಗ್ಲಿಷ್ ನೋಟುಪುಸ್ತಕಗಳನ್ನು ಎಸೆಯಬೇಡಿ. ಅಲ್ಲಿನ ಕೆಂಪು ಗೆರೆಗಳನ್ನು ಒಂದೊಂದಾಗಿ ನೋಡಿ, ಪ್ರತಿ ತಪ್ಪಿನ ಪಕ್ಕದಲ್ಲಿ ಅದಕ್ಕೆ ಕಾರಣವಾದ ಕನ್ನಡ ವಾಕ್ಯವನ್ನು ಬರೆಯಿರಿ. ತಿಂಗಳೊಂದರಲ್ಲಿ ನಿಮ್ಮ ತಪ್ಪುಗಳ ಪಟ್ಟಿ ನಿಮಗೇ ಬಾಯಿಪಾಠವಾಗುತ್ತದೆ. ಪಟ್ಟಿ ಅಷ್ಟೇನೂ ಉದ್ದವಿಲ್ಲ ಎಂಬುದೂ ತಿಳಿಯುತ್ತದೆ. ನಾಳೆ ನಿಮ್ಮಲ್ಲಿ ಕೆಲವರು ಅಧ್ಯಾಪಕರಾಗುವಿರಿ. ಆಗ ನಿಮ್ಮ ಮುಂದೆ ಯಾವುದೋ ಹಳ್ಳಿಯ ಹುಡುಗ ತನ್ನ ತಂದೆಯನ್ನು ಕುರಿತು ‘ದೇ ವರ್ಕ್ ಟಿಲ್ ಈವನಿಂಗ್’ ಎಂದು ಬರೆದು ತಂದರೆ ನಗಬೇಡಿ. ‘ನಿನ್ನ ಗೌರವ ಸರಿಯಾಗಿದೆಯಪ್ಪಾ, ಇಂಗ್ಲಿಷಿನಲ್ಲಿ ಅದನ್ನು ಕ್ರಿಯಾಪದದಲ್ಲಿ ತೋರಿಸುವ ವಾಡಿಕೆಯಿಲ್ಲ, ಅಷ್ಟೇ’ ಎಂದು ಹೇಳಿ. ಆ ಹುಡುಗ ಮರುದಿನವೂ ಬಾಯಿ ತೆರೆದು ಮಾತನಾಡುತ್ತಾನೆ.